ಬರಿಹೊಟ್ಟೆಯ ಲೆಕ್ಕ

ಉಮ್ಮರನ ಸಕ್ಕರೆ ನೋಡುವ ಯಂತ್ರ ಈಗ ನನ್ನ ಬಳಿ ಇದೆ.
ನಲವತ್ತು ದಿನ ಕಳೆದ ಮೇಲೆ ಬೀಪಾತು
ಮಗನ ಕೈಲಿ ಕೊಟ್ಟು ಕಳಿಸಿದಳು:
‘ಬೆಳ್ಯಪ್ಪಣ್ಣನಿಗೆ ಬೇಕಾಗಬಹುದು.’
ನನಗೆ ಸಕ್ಕರೆ ಕಾಯಿಲೆ ಇಲ್ಲ. ಅವಳಿಗೂ ಗೊತ್ತು.

ಒಂದೇ ರೋಗ, ಒಂದೇ ಕಕ್ಕಡದಲ್ಲಿ ಸಿಕ್ಕಿಬಿದ್ದೆವು.
ನನಗೆ ಬಲದ ಶ್ವಾಸಕೋಶ, ಅವನಿಗೆ ಎಡದ್ದು.
‘ಇಬ್ಬರನ್ನೂ ನಡುವೆ ಸೀಳಿ ಹೊಲಿದರೆ
ಒಬ್ಬ ಗಟ್ಟಿ ಆಸಾಮಿ ಆಗ್ತಾನೆ ಮಾರಾಯ’
ಎಂದಿದ್ದ, ಮಡಿಕೇರಿ ಆಸ್ಪತ್ರೆಯ ಬೆಂಚಿನಲ್ಲಿ,
ಎರಡು ಕೆಮ್ಮಿನ ನಡುವೆ.
ಬೀಡಿ ಸೇದಿದವನು ಅವನು.
ನಾನು ಜೇನುಪೆಟ್ಟಿಗೆಗೆ ಹೊಗೆ ಹಾಕಿದವನು, ಅಷ್ಟೇ.

ಇಪ್ಪತ್ತೊಂದು ದಿನಕ್ಕೊಮ್ಮೆ ಮೊದಲ ಬಸ್ಸು.
ಭಾಗಮಂಡಲದಲ್ಲಿ ಹತ್ತಿ ಪಕ್ಕದ ಸೀಟಿಗೆ ಟವೆಲು ಹಾಸುತ್ತಿದ್ದೆ.
ಚೇರಂಬಾಣೆಯಲ್ಲಿ ಅವನು ಹತ್ತಿ
ಟವೆಲು ಮಡಚಿ ನನ್ನ ತೊಡೆಯ ಮೇಲಿಟ್ಟು ಕೂರುತ್ತಿದ್ದ.
ಬೆಟ್ಟಗೇರಿ ದಾಟುವತನಕ ಮಾತಿಲ್ಲ,
ಆಮೇಲೆ ಬರೀ ಕಿತ್ತಳೆಯ ರೇಟು.

ಆಸ್ಪತ್ರೆಯಲ್ಲಿ ದಮಯಂತಿ ಸಿಸ್ಟರ್ ಮೊದಲು ಅವನ ಬೆರಳು ಚುಚ್ಚುವರು.
ಮುನ್ನೂರ ನಲವತ್ತು.
‘ಇವತ್ತು ಬೇಡ ಕಾಕಾ, ಮುಂದಿನ ವಾರ ಬನ್ನಿ.’
ನನ್ನ ತೋಳಿಗೆ ಔಷಧಿ ತೊಟ್ಟಿಕ್ಕುವ ನಾಲ್ಕು ಗಂಟೆ
ಅವನು ಹೊರಗೆ, ಚೀಟಿ ಮಡಚುತ್ತ ಬಿಡಿಸುತ್ತ.
ಹೀಗೆ ಮೂರು ಸಲ.
ನಾಲ್ಕನೆಯ ಸಲ ಔಷಧಿ ಹಿಡಿಸಿತು,
ಜತೆಗೆ ವಾಂತಿ ತಡೆಯಲು ಕೊಟ್ಟದ್ದು
ಸಕ್ಕರೆಯನ್ನು ಮತ್ತೆ ಮರ ಹತ್ತಿಸಿತು.
ಕಾಲ ಹೆಬ್ಬೆರಳಲ್ಲಿ ಒಂದು ಗಾಯ. ಆಮೇಲೆ ಜ್ವರ.

ಡಾಕ್ಟರನ್ನು ಕೇಳಿದೆ: ‘ಅವನು ಹೋದದ್ದು ಯಾವುದರಿಂದ?’
ಅವರು ಕನ್ನಡಕ ತೆಗೆದರು.
‘ಸಕ್ಕರೆ ಇದ್ದವರ ದಿನ ಕಡಿಮೆ ಅನ್ನುತ್ತವೆ ಕೆಲವು ಲೆಕ್ಕ,
ವ್ಯತ್ಯಾಸ ಇಲ್ಲ ಅನ್ನುತ್ತವೆ ಇನ್ನು ಕೆಲವು.
ಲೆಕ್ಕ ಸಾವಿರ ಜನರದ್ದು, ಬೆಳ್ಯಪ್ಪನವರೆ.
ನೀವು ಕೇಳ್ತಿರೋದು ಒಬ್ಬರದ್ದು.’

ನಾನು ಕೇಳಬೇಕಿದ್ದದ್ದು ಅದಲ್ಲ.

ಮೂವತ್ತೊಂದು ವರ್ಷ ಸೊಸೈಟಿಯಲ್ಲಿ ಜೇನು ನೆಕ್ಕಿ
ಇದು ನೇರಳೆ, ಇದು ಕಾಫಿಹೂವು ಎಂದ ನಾಲಿಗೆ ನನ್ನದು.
ಔಷಧಿ ಅದನ್ನು ತಗಡು ಮಾಡಿತು.
ಹಾಗಾಗಿ ಒಂದು ಬಾಟಲಿ ಅವನಿಗೆ ಕೊಟ್ಟೆ:
‘ನನ್ನ ಪರವಾಗಿ ನೀನು ರುಚಿ ನೋಡಿ ಹೇಳು.
ಜೇನು ಸಕ್ಕರೆ ಅಲ್ಲ, ಏನೂ ಆಗಲ್ಲ.’
ಎಷ್ಟು ತಿಂದನೋ. ಮುಂದಿನ ಬಸ್ಸಿನಲ್ಲಿ ಹೇಳಿದ:
‘ನೇರಳೆ. ಕೊನೆಗೆ ಒಂಚೂರು ಕಹಿ.’
ಸರಿಯಾಗಿತ್ತು.

ಯಂತ್ರಕ್ಕೆ ನೆನಪಿದೆ. ಗುಂಡಿ ಒತ್ತಿದರೆ
ಅವನು ಹಿಂದಕ್ಕೆ ನಡೆಯುತ್ತಾನೆ:
ಅರವತ್ತೊಂದು, ಇನ್ನೂರ ಎಂಬತ್ತು, ನಾನೂರ ಹನ್ನೆರಡು,
ನೂರ ಹತ್ತು (ಅವತ್ತು ಏನು ತಿಂದಿದ್ದನೋ, ಯಾರು ಬಂದಿದ್ದರೋ),
ಮುನ್ನೂರ ನಲವತ್ತು.
ಇದರಲ್ಲಿ ನನ್ನ ಬಾಟಲಿಯ ಅಂಕೆ ಯಾವುದು?
ತಾರೀಕು ಹುಡುಕಿದೆ. ಗಡಿಯಾರವನ್ನು ಅವನು
ಸರಿಮಾಡಿಯೇ ಇಲ್ಲ.
ಎಲ್ಲ ಅಂಕೆಯೂ ಯಾವುದೋ ಹಳೇ ಜನವರಿಯವು,
ನಮ್ಮ ಎದೆಯಲ್ಲಿ ಏನೂ ಇಲ್ಲದಿದ್ದ ಕಾಲದ್ದು.

ಇವತ್ತು ಬೆಳಿಗ್ಗೆ, ಕಾಫಿಗೂ ಮುಂಚೆ,
ನನ್ನ ಬೆರಳನ್ನೇ ಚುಚ್ಚಿಕೊಂಡೆ.
ತೊಂಬತ್ತಾರು.
ಯಂತ್ರಕ್ಕೆ ಬೆರಳು ಬದಲಾದದ್ದು ತಿಳಿಯದು,
ಅರವತ್ತೊಂದರ ಮೇಲೆ ಅದನ್ನು ಬರೆದುಕೊಂಡಿತು.
ಅದರ ಲೆಕ್ಕದಲ್ಲಿ
ಉಮ್ಮರ್ ಸುಧಾರಿಸಿದ್ದಾನೆ.

ಡಬ್ಬಿಯಲ್ಲಿ ಇನ್ನು ಹನ್ನೊಂದು ಪಟ್ಟಿ ಉಳಿದಿವೆ.