ಹದಿನಾರರ ಪಾನಾ

ಗಾಡಿ ನಿಂತದ್ದು ಹಳದಿ ಅಂಗಿಯ ಸಾಗ್ಬೊನದು.
ಮೂರು ಸಲ ಒದ್ದ. ನಾಲ್ಕನೆಯದಕ್ಕೆ ಕೆಮ್ಮಿತು,
ಐದನೆಯದಕ್ಕೆ ಅದೂ ಇಲ್ಲ.
ಕೊಟೊನೂವಿನ ಬೀದಿಗಳ ಸೀಸೆ ಪೆಟ್ರೋಲು
ಕುಡಿದೂ ಕುಡಿದೂ ಪ್ಲಗ್ ಕಟ್ಟಿದೆ, ಬಿಚ್ಚು,
ಅಂದ ನನ್ನ ಮೇಸ್ತ್ರಿ ಆಗೋಸು
ಮಾವಿನ ನೆರಳಿಂದ ಏಳದೆ.

ಬಿಚ್ಚಲು ಏನಿದೆ?
ಡಬ್ಬಿಯಲ್ಲಿ ಹತ್ತರದು ಇದೆ, ಹನ್ನೆರಡರವು ಎರಡು,
ಹಳೇ ಕಾಲದ ಪ್ಲಗ್ಗಿನ ಇಪ್ಪತ್ತೊಂದರ ಗಡವ ಒಂದು,
ಇದಕ್ಕೆ ತೊಡಿಸಿದರೆ ಕೂಸಿಗೆ ಅಜ್ಜನ ಟೋಪಿ.
ಹದಿನಾರರದು ಹೋದ ವಾರವೇ ಸೀಳಿತ್ತು.
ಇಕ್ಕಳ ಹಾಕಲೇ, ಅಂದೆ.
ಇಕ್ಕಳದಲ್ಲಿ ಪ್ಲಗ್ ಬಿಚ್ಚುವವಳು
ಕೊಡಲಿಯಲ್ಲಿ ಹಲ್ಲು ಕೀಳುವವಳು, ಅಂದ.
ಪಿಂಗಾಣಿ ಒಡೆದರೆ ಚೂರು ಸಿಲಿಂಡರಿಗೆ,
ಸಿಲಿಂಡರಿನಿಂದ ನನ್ನ ಮರ್ಯಾದೆಗೆ.
ನಡಿ, ಹುಡುಕು.

ದಾಂತೊಕ್ಪಾ ಸಂತೆಯಲ್ಲಿ ಏನಿಲ್ಲ?
ಒಣಗಿಸಿದ ಓತಿಕ್ಯಾತ ಇದೆ, ಮದುವೆಯ ಬಟ್ಟೆ ಇದೆ,
ಯಾವ ದೇಶದವೋ ಗೇರ್‌ಬಾಕ್ಸುಗಳಿವೆ,
ತೂಕಕ್ಕೆ ಮಾರುವ ಪಾನಾಗಳ ಗುಡ್ಡೆ ಇದೆ.
ಮಂಡಿಯೂರಿ ಕೋಳಿಯ ಹಾಗೆ ಕೆದಕಿದೆ.
ಹದಿನಾಲ್ಕು. ಹದಿನೇಳು. ಹದಿನೆಂಟು, ಮತ್ತೆ ಹದಿನೆಂಟು.
ಒಂದರ ಮೇಲೆ ಹದಿನಾರೆಂದೇ ಕೊರೆದಿತ್ತು;
ಅಳತೆಗೆಂದು ಜೇಬಲ್ಲಿ ತಂದ ಸತ್ತ ಪ್ಲಗ್ ತೂರಿಸಿದೆ,
ಗಿರ್ರನೆ ತಿರುಗಿತು, ಸುಳ್ಳು ಸಾಕ್ಷಿಯ ನಾಲಗೆ.
ಕಾಗದ ಸುತ್ತಿ ಹಾಕು ಹುಡುಗಿ, ಕೂತೀತು, ಅಂದ ಅಂಗಡಿಯವ.
ಹುಡುಗಿ ಅನ್ನುವಾಗ ಅವನ ಕಣ್ಣು
ನನ್ನ ಉಗುರಿನ ಗ್ರೀಸಿನ ಮೇಲಿತ್ತು.

ಸೇತುವೆ ಇಳಿಯುವಲ್ಲಿ ಮುದುಕಿ ಯಾಬೊ
ಪೆಟ್ರೋಲು ಜೋಡಿಸಿಕೊಂಡು ಕೂರುತ್ತಾಳೆ,
ಲೀಟರಿನ ಸೀಸೆ, ಹೊಟ್ಟೆ ಉಬ್ಬಿದ ಗಾಜಿನ ಬುರುಡೆ,
ಬಿಸಿಲು ಬಿದ್ದರೆ ಜೇನಿನಂಗಡಿ.
ನೋಟು ಹಾರದಂತೆ ಮೇಲೊಂದು ಕಬ್ಬಿಣ:
ಗೇಣುದ್ದ ಕೊಳವೆ, ಆರು ಮೂಲೆ, ಅಡ್ಡಕ್ಕೆ ತೂತು.
ಕೇಳದೆಯೇ ಪ್ಲಗ್ ತೆಗೆದು ಇಟ್ಟೆ.
ಕೂತಿತು.
ಅಷ್ಟೇ. ಕೂತಿತು.

ಮಾರುವುದಿಲ್ಲ, ಅಂದಳು.
ಬೊಸ್ಸು ಅಂತ ಒಬ್ಬ, ಎರಡು ಲೀಟರಿಗೆ ಒತ್ತೆ ಇಟ್ಟಿದ್ದಾನೆ,
ಬರುತ್ತಾನೆ.
ಇಟ್ಟದ್ದು ಯಾವಾಗ?
ಆಗ ಈ ಸೇತುವೆಯ ಬಣ್ಣ ಬೇರೆ ಇತ್ತು.
ಬೇಕಾದರೆ ಒಯ್ಯಿ. ನೀನೇನು ಒತ್ತೆ ಇಡುತ್ತೀ?
ನನ್ನ ಹತ್ತಿರ ಇದ್ದದ್ದು ಚಪ್ಪಲಿ.
ಎರಡೂ ಬೇಡ, ಒಂದು ಸಾಕು, ಅಂದಳು,
ಒಂಟಿ ಚಪ್ಪಲಿಯವರು ಬೇಗ ವಾಪಸು ಬರುತ್ತಾರೆ.

ಒಂದು ಕಾಲು ಡಾಂಬರಿನಲ್ಲಿ ಬೇಯುತ್ತಾ ಬಂದೆ.
ಕ್ಯಾಪು ಕಿತ್ತೆ, ಬಾವಿಯ ಧೂಳು ಊದಿದೆ,
ತಿರುಗಿಸಿದರೆ ಕಿರ್ರೆಂದು ಗೊಣಗಿ
ಆಮೇಲೆ ಬೆರಳಿಗೇ ಬಂತು, ತುದಿಯೆಲ್ಲ ಕಾಡಿಗೆ.
ಹೊಸದರ ಸಂದಿಗೆ ಹ್ಯಾಕ್ಸಾ ಬ್ಲೇಡು ಹಾಯಿಸಿದೆ:
ಬಿಗಿಯಲ್ಲ, ಸಡಿಲವಲ್ಲ,
ಉಗುರಿಗೆ ಮಾತ್ರ ತಿಳಿಯುವಷ್ಟು ತಡೆ.
ಇನ್ನೇನು, ಪಾನಾ ಎತ್ತಿದೆ.

ಆಗ ಎದ್ದ ಆಗೋಸು.
(ಅವನು ಎದ್ದದ್ದನ್ನು ಆ ವರ್ಷ ನಾನು ಕಂಡದ್ದು ಎರಡೇ ಸಲ.)
ಹಳೇ ಪೆಟ್ರೋಲ್ ಪೈಪಿನ ತುಂಡೊಂದನ್ನು ಅಂಗೈಗಿಟ್ಟ.
ಪ್ಲಗ್ಗಿನ ನೆತ್ತಿಗೆ ಇದನ್ನು ತೊಡಿಸಿ ತಿರುಗಿಸು.
ದಾರಿ ತಪ್ಪಿದರೆ ರಬ್ಬರು ಜಾರುತ್ತದೆ.
ಪಾನಾ ಜಾರುವುದಿಲ್ಲ,
ಅದಕ್ಕೆ ಬಲ ಇದೆ, ಅನುಮಾನ ಇಲ್ಲ.

ಜಾರಿತು.
ಹಿಂದಕ್ಕೆ ತಿರುಗಿಸಿದೆ, ಮೆಲ್ಲಗೆ, ಕಣ್ಣು ಮುಚ್ಚಿ.
ಒಳಗೆಲ್ಲೋ ಟಿಕ್ಕೆಂದು ಥ್ರೆಡ್ಡಿಗೆ ಥ್ರೆಡ್ ಇಳಿಯಿತು
ಕತ್ತಲಲ್ಲಿ ಮೆಟ್ಟಿಲು ಸಿಕ್ಕ ಪಾದದ ಹಾಗೆ.
ಆಮೇಲೆ ಬೆರಳೇ, ಬೆರಳೇ, ತಳ ಮುಟ್ಟುವವರೆಗೆ.
ಪಾನಾಕ್ಕೆ ಉಳಿದದ್ದು ಅರ್ಧ ಸುತ್ತು.

ಸಾಗ್ಬೊ ಒದ್ದ, ಒಂದೇ ಒದೆತ.
ದುಡ್ಡು ನಾಳೆ ಅಂದ, ಹೋದ.

ಯಾಬೊಳ ನೋಟುಗಳ ಮೇಲೆ
ನನ್ನ ಎಡಗಾಲಿನ ಚಪ್ಪಲಿ ಕೂತಿತ್ತು.
ಅದನ್ನೆತ್ತಿ ಪಾನಾ ಇಟ್ಟೆ.
ಬೊಸ್ಸು ಬಂದುಬಿಟ್ಟರೆ? ಅಂದೆ.
ಬಂದರೆ ನನಗೆ ಎರಡು ಲೀಟರಿನ ದುಡ್ಡು,
ನಿನಗೆ ಮತ್ತೆ ಸಂತೆ, ಅಂದಳು, ಸೀಸೆ ಒರೆಸುತ್ತಾ.

ಪೈಪಿನ ತುಂಡು ನನ್ನ ಜೇಬಲ್ಲೇ ಉಳಿಯಿತು.
ಯಾರೂ ವಾಪಸು ಕೇಳಲಿಲ್ಲ.