ಆರನೇ ನಂಬರ್

ಎಡಗಾಲಿನ ಬೂಟು ಮೊದಲು ಹರೀತೈತಿ.
ಗೇರ್ ಎತ್ತೋ ಜಾಗದಾಗ, ಹೆಬ್ಬೆರಳಿನ ಮ್ಯಾಲ,
ದಿನಕ್ಕ ನಾಕನೂರು ಸಲ ಒಂದ ಕಡೆ ತಿಕ್ಕಿ ತಿಕ್ಕಿ
ಕ್ಯಾನ್ವಾಸು ಕಣ್ಣು ಬಿಡತೈತಿ.
ಆ ಕಣ್ಣಿನಿಂದ ಮಾಗಿ ಒಳಗ ಬರತೈತಿ.

ಅಥಣಿಯಿಂದ ನಸುಕಿನ ನಾಕಕ್ಕ ಹೊರಟು
ಐನಾಪುರ, ಉಗಾರ, ಕುಡಚಿ, ರಾಯಬಾಗ.
ನಿನ್ನೆ ಸಂಜಿ ಯಾರ್ಯಾರದೋ ತೋಳಿನಿಂದ ತಗದ ರಕ್ತ
ಐಸಿನ ಡಬ್ಬಿಯಾಗ ಇಟ್ಟು ಹಿಂದ ಕಟಗೋತೀನಿ.
ಅದಕ್ಕ ತಂಪು ಬೇಕು, ನನಗ ಬ್ಯಾಡ.
ಇಬ್ಬರಿಗೂ ಒಂದ ಗಾಡಿ.

ಕಬ್ಬಿನ ಸೀಜನ್ ಬ್ಯಾರೆ.
ಕೃಷ್ಣಾ ಹೊಳಿ ಮಂಜು ರಸ್ತೆಕ್ಕ ಬಂದು ಮಲಗಿರತೈತಿ,
ಅದರೊಳಗ ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರು, ಎರಡು ಟ್ರೇಲರು.
ಮೊದಲು ಹಾಡು ಕೇಳತೈತಿ,
ಆಮ್ಯಾಲ ಕಬ್ಬು ಕಾಣತೈತಿ.

ಕಾಲಚೀಲದ ಮ್ಯಾಲ ಹಾಲಿನ ಪಾಕೀಟು ತೊಟ್ಟು ನೋಡಿದೆ.
ಹೊರಗಿನ ನೀರು ನಿಂತಿತು, ಒಳಗ ಬೆವರ ನೀರಾತು.
ಒಂದಿನ ಕುಡಚಿ ಸೇತುವೆ ದಾಟಿ ಕಾಲು ಕೆಳಗಿಟ್ಟೆ.
ಇಟ್ಟದ್ದು ನನಗ ತಿಳೀಲಿಲ್ಲ.
ಗಾಡಿ ವಾಲಿದ ಮ್ಯಾಲ ತಿಳೀತು.

ಅದಕ್ಕ ಬೆಳಗಾವಿ, ಖಡೇ ಬಜಾರ್, ಶನಿವಾರ.
ಜೋಡಿಗೆ ಶೇವಂತಾ ಚಿಗವ್ವ:
ನಲವತ್ತು ವರ್ಷ ಅಥಣಿ ಚಪ್ಪಲಿಗೆ ಹೆಣಿಗೆ ಹಾಕಿದ ಕೈ,
ಜಾಲಿ ತೊಗಟೆ, ಅಳಲೆಕಾಯಿ
ಆಕಿ ಉಗುರಿನಾಗ ಮನಿ ಮಾಡ್ಯಾವ.
"ನಮ್ಮ ಮನ್ಯಾಗ ಬೆಳೆದು ಅಂಗಡಿ ಮೆಟ್ಟು ಕೊಳ್ಳಾಕಿ" ಅಂತ
ಚಿಕ್ಕೋಡಿ ಬರೂತನ ಅಂದಳು.

"ಹೆಣ್ಮಕ್ಕಳ ಸೈಜು ಬರೂದಿಲ್ರಿ" ಅಂದ ಅಂಗಡಿ ದಸ್ತಗೀರ.
"ಆರನೇ ನಂಬರ್ ಕಡೀದು. ಅದರ ಕೆಳಗ ಗಾಡಿ ಬೂಟು ಯಾರೂ ಮಾಡೂದಿಲ್ಲ."
ಗಾಡಿ ಮಾತ್ರ ಮಾರತಾರ ನಮಗೂ.

ಚಿಗವ್ವ ಬೂಟು ತಗೊಂಡು
ಸಂತ್ಯಾಗ ಎತ್ತಿನ ಹಲ್ಲು ನೋಡಿಧಾಂಗ ಬಾಯಿ ಅಗಲಿಸಿದಳು.
ನಾಲಿಗಿ ಎಳೆದಳು. ಎರಡೂ ಕಡೆ ಕೂಡಿಸ್ಯಾರ, ಛಲೋ ಆತು,
ನೀರು ಯಾವಾಗಲೂ ನಾಲಿಗಿ ಪಕ್ಕದಿಂದ ಬರತೈತಿ,
ಜಗಳ ಬಂಧಾಂಗ.
ಹರಡಿನ ಮ್ಯಾಲ ಬಡಿದಳು: ಟಕ್. ಒಳಗ ಗಟ್ಟಿ ಬಟ್ಟಲ.
ಎರಡೂ ಕೈಲೆ ತಳ ಹಿಂಡಿದಳು. ಹಿಂಡಲಿಲ್ಲ.
"ಲೇಸು ಬ್ಯಾಡ. ಚೈನಿಗೆ ಸಿಕ್ಕರ ಕಾಲು ಕೇಳತೈತಿ.
ಬಿಗಿ ಬ್ಯಾಡ. ಬೆರಳು ಆಡದಿದ್ದರ
ಉಣ್ಣಿ ಕಾಲಚೀಲ ಏನ್ ಮಾಡೀತು ಪಾಪ."
ಎರಡು ಜೋಡಿ ಕಾಲಚೀಲಕ್ಕ ಆರನೇ ನಂಬರ್ ಸರಿ ಕುಂತಿತು.

ಆಮ್ಯಾಲ ದಸ್ತಗೀರನ ಕುಡಿಯೋ ನೀರಿನ ತಂಬಿಗಿ ಎತ್ತಿ
ಬಗ್ಗಿಸಿಬಿಟ್ಟಳು.
ಬೂಟಿನೊಳಗ. ಪೂರಾ.

"ಅಯ್ಯಯ್ಯ ಅವ್ವಾ" ಅಂದ ಅವ.
ನಾ ನೆಲ ನೋಡಿದೆ,
ನಾಚಿಕಿಗೂ ಹೌದು, ಹನಿ ಬಿತ್ತೇನಂತಲೂ ಹೌದು.
ಬೀಳಲಿಲ್ಲ. ಫ್ಯಾನು ತಿರಗತಿತ್ತು.
ಒಬ್ಬ ಗಿರಾಕಿ ಬಂದು ಬೆಲ್ಟು ಕೇಳಿ ಹೋದ. ಬೀಳಲಿಲ್ಲ.

"ಹೊರಗ ಬಿಡದ್ದು ಒಳಗೂ ಬಿಡೂದಿಲ್ಲ.
ಆದರ ಮ್ಯಾಲಿಂದ ಬಂದರ ಬಾವಿ.
ಮಳಿ ಪ್ಯಾಂಟು ಬೂಟಿನ ಹೊರಗ ಇರಲಿ, ತಂಗೆವ್ವ."

ತೊಯ್ದ ಬೂಟಿಗೆ ಚೌಕಾಶಿ ಇಲ್ಲ.
ನಾಕ ಸಾವಿರದ ಎರಡನೂರು.
ಬಸ್ಸಿನಾಗ ಅದು ಊರ ಬರೂತನ ನನ್ನ ತೊಡಿ ತೋಯಿಸಿತು.

ಹದಿನೇಳನೇ ದಿನ, ಉಗಾರದ ಹತ್ತರ,
ಟ್ರೇಲರಿನಿಂದ ಜಾರಿದ ಕಬ್ಬಿನ ಗಳ ಹರಡಿಗೆ ಬಡೀತು.
ಕಾಲು ಉಳೀತು.
ಬೂಟಿಗೆ ಉದ್ದಕ ಗಾಯ, ಒಳಗಿನ ಪದರ ಬೆಳ್ಳಗ ಕಾಣುವಷ್ಟು.

ರಾತ್ರಿ ಚಿಗವ್ವನ ಮುಂದ ಇಟ್ಟೆ.
ಆರಿ ತಗೊಂಡಳು, ಮೇಣದ ದಾರ ತಗೊಂಡಳು,
ತಗೊಂಡು ಬಾಳ ಹೊತ್ತು ಸುಮ್ಮನ ಕುಂತಳು.
"ಚುಚ್ಚಿದರ ತೂತು. ತೂತಾದರ ನೀರು.
ಇದನ್ನ ಹೊಲ್ಯಾಕ ಬರೂದಿಲ್ಲ ನೋಡ."
ದಾರ ಬಾಯಿಂದ ತಗದು ಗೋಡಿ ಮೊಳೆಗೆ ಸುತ್ತಿದಳು.

ಬರೇ ಮೇಣ ತಿಕ್ಕಿದಳು, ಹೆಬ್ಬೆರಳಲೆ,
ಎಡಗೈ ಒಳಗ ಆನಿಸಿ, ಮೊಣಕೈತನ.
ತಿಕ್ಕೂದು ಮುಗದ ಮ್ಯಾಲೂ ಆ ಕೈ ಹೊರಗ ಬರಲಿಲ್ಲ.
"ಬೆಚ್ಚಗೈತಿ ಬಿಡು" ಅಂದಳು.

ಡಬ್ಬಿಗೆ ಐಸು ತುಂಬಿ, ಹಿತ್ತಲ ಬಾಗಿಲು ಹಾಕಿ ಬಂದೆ.
ಇನ್ನೂ ಹಂಗ ಕುಂತಿದ್ದಳು.