ಕಾಲಿಗೊಂದು, ಕೈಗೊಂದು

ಅಸ್ಮರಾದಲ್ಲಿ, ಕಾಫಿ ಹುರಿಯುವವಳ ಪಕ್ಕದ ಅಂಗಡಿ.
'ಪುಸ್ತಕ ನೀನೇ ಹಿಡಿ' ಅಂದ ವೊಲ್ದು, ಆಚೆ ತಿರುಗಿ.
ಗೋಡೆಗೆ ಬೆನ್ನು ಹಚ್ಚಿ
ತೊಡೆಸಂದಿಯ ತನಕ ಅದನ್ನೇರಿಸಿ
ನಾನೇ ಗೆರೆ ಎಳೆದೆ.
ಎಂಬತ್ತೊಂಬತ್ತು.
ನಂಬದೆ ಮತ್ತೊಮ್ಮೆ ಟೇಪು ಹಿಡಿದ.

ಕಾಲು ಕೇಳುವುದು ಐವತ್ತೆಂಟರ ಫ್ರೇಮು;
ಏರಿ ಕೂತರೆ ಹ್ಯಾಂಡಲು,
ಸಾಲ ತೊಗೊಂಡವನ ಹಾಗೆ, ಕೈಗೆ ಸಿಗದು.
ಐವತ್ತೆರಡು ಸಿಕ್ಕಿತು,
ಮಂಡಿ ಬಂದು ಮೊಣಕೈಗೆ ಬಡಿಯಿತು.

ಶಾಲೆಯಲ್ಲಿ 'ಕೊಕ್ಕರೆ' ಅನ್ನುತ್ತಿದ್ದರು.
ಅದನ್ನು ಅವನಿಗೆ ಹೇಳಲಿಲ್ಲ.
ಹೇಳಿದ್ದು, ಅಣ್ಣನ ಸೈಕಲ್ಲಿನಲ್ಲಿ
ಮಸಾವಾ ದಾರಿಯ ಇಳಿಜಾರಿಳಿದು
ಮೂರು ದಿನ ಕತ್ತು ಹಿಡಿದದ್ದು.

ಅವನು ಸಣ್ಣದನ್ನೇ ಆರಿಸಿದ.
ಸೀಟಿನ ಕಂಬವನ್ನು ಕೆಂಪು ಗುರುತಿನ ತನಕ ಎಳೆದ.
ಹ್ಯಾಂಡಲಿಗೆ ಗಿಡ್ಡ ಕತ್ತು ಹಾಕಿದ,
ಯಾವುದೋ ಸತ್ತ ಸೈಕಲ್ಲಿನಿಂದ ಬಿಚ್ಚಿದ್ದು.
'ನೋಡೋಕೆ ಚೆಂದವಿಲ್ಲ' ಅಂದೆ.
'ನೋಡುವವರು ಬಂದು ತುಳೀತಾರಾ?'

ದುಡ್ಡು ಎಣಿಸುವಾಗ ಕಂಡಿತು:
ಬಾಗಿಲಿಗೊರಗಿದ್ದ ಅವನ ಸೈಕಲ್ಲು,
ಎಡ ಪೆಡಲಿಗೆ ಮಾತ್ರ
ಎರಡು ಬೆರಳು ದಪ್ಪದ ಮರದ ತುಂಡು,
ಚರ್ಮದ ಪಟ್ಟಿ ಬಿಗಿದು, ಸವೆದು ಕಪ್ಪಾದದ್ದು.

ಇಷ್ಟು ಹೊತ್ತೂ
ಅವನು ಕುಂಟುತ್ತಿದ್ದನೆ?